ಅತಿಥಿಗಳ ಅಂಕಣ

ನಮ್ಮ ಕತ್ತೆಗಳ ಕಬಡ್ಡಿ ತಂಡಕ್ಕೆ ನಾನೇ ಕಾರ್ಯದರ್ಶಿ. ದೂರದಿಂದ ಆಡುಗಳ ತಂಡ ಪಂದ್ಯಕ್ಕೆ ಬಂದ ದಿನ ನಮ್ಮ ಕಡೆಯ ಅಂಕಣವನ್ನು ಗುಡಿಸಿ, ನೀರು ಚಿಮುಕಿಸಿ ಮೆತ್ತಗೆ ಮಾಡಿದ್ದೆ. ಅವರ ಕಡೆಗೆ ಒಂದು ಬುಟ್ಟಿ ನೆಗ್ಗಿಲು ಮುಳ್ಳು ಸುರಿದಿದ್ದೆ.

"ಕಾರ್ಯದರ್ಶಿಗಳೇ, ನಮ್ಮ ಅಂಕಣದ ತುಂಬ ಮುಳ್ಳಿದೆ," ಎಂದಿತು ಆಡುಗಳ ನಾಯಕ.

"ಏನು? ಕೇಳಿಸಲಿಲ್ಲ," ಎಂದೆ. ನಮ್ಮವರು ಬಿದ್ದು ಬಿದ್ದು ನಕ್ಕರು.

ಆಡುಗಳು ಮೈಗೆಲ್ಲ ಮುಳ್ಳು ಚುಚ್ಚಿಸಿಕೊಂಡೇ ಆಡಿದವು. ಅರ್ಧ ಆಟ ಮುಗಿದಾಗ ತೀರ್ಪುಗಾರ ಆಮೆ ಸೀಟಿ ಊದಿ, "ಇನ್ನು ಅಂಕಣ ಬದಲಾಯಿಸಿಕೊಳ್ಳಿ," ಎಂದಿತು.

ಈ ನಿಯಮ ನನಗೆ ಗೊತ್ತಿರಲಿಲ್ಲವೆಂದಲ್ಲ. ಇಪ್ಪತ್ತು ವರ್ಷದಿಂದ ಗೊತ್ತಿದೆ. ಮುಳ್ಳು ಸುರಿಯುವ ಸಂಭ್ರಮದಲ್ಲಿ ಮರೆತುಬಿಟ್ಟಿದ್ದೆ.

ಆ ಕಡೆ ಮೊದಲ ಸಲ ಬಿದ್ದೊಡನೆ ನಮ್ಮ ನಾಯಕ, ಇದು ತನ್ನದೇ ಊರೆಂಬುದನ್ನೂ ಮರೆತು, ಅರಚಿತು: "ಅಯ್ಯೋ ಮುಳ್ಳು! ಬಂದವರನ್ನು ಹೀಗಾ ನಡೆಸಿಕೊಳ್ಳುವುದು? ನಾನು ದೂರು ಕೊಡುತ್ತೇನೆ!"

"ಧಾರಾಳವಾಗಿ ಕೊಡಿ. ನಿಮ್ಮ ಕಾರ್ಯದರ್ಶಿಗೇ ಕೊಡಬೇಕು," ಎಂದಿತು ಆಮೆ.

ನಾಯಕ ಕುಂಟುತ್ತ ನನ್ನ ಹತ್ತಿರ ಬಂದು ನಿಂತಿತು. ಇಷ್ಟುದ್ದ ಕಿವಿಗಳಿದ್ದೂ, ಅಂಕಣದಲ್ಲಿ ಮುಳ್ಳಿದೆಯೆಂಬುದು ನನಗೆ ಕೇಳಿಸಿದ್ದು ಆಗಲೇ.