ಕೆಂಬಳಗೆರೆಯ ದೊರೆ ಮಾರಿದ ಸತ್ತ ನೋಟು

"ಕೇಳ್ರಪ್ಪೋ ಕೇಳಿ! ಅರಮನೆಯ ಪೆಟ್ಟಿಗೆಯಲ್ಲಿ ಒಂದು ವಸ್ತು ಮಾರಾಟಕ್ಕಿದೆ. ದೊರೆಯ ಮೂರು ಒಗಟು ಬಿಡಿಸಿದವನೇ ಅದನ್ನು ಮಾರಿಸಿಕೊಡಬೇಕು. ಬಂದ ಹಣದಲ್ಲಿ ಅವನಿಗೆ ಹತ್ತರಲ್ಲೊಂದು ಪಾಲು. ತಪ್ಪು ಹೇಳಿದವನಿಗೆ ಅಮಾವಾಸ್ಯೆಯಂದು ತಲೆದಂಡ!"

ಕೆಂಬಳಗೆರೆಯ ಬೀದಿಬೀದಿಯಲ್ಲೂ ಹೀಗೆ ಡಂಗುರ ಬಿತ್ತು. ಮಾರುವುದಕ್ಕೆ ಒಗಟು ಯಾಕೆ, ಒಗಟಿಗೆ ತಲೆ ಯಾಕೆ ಎಂದು ಜನಕ್ಕೆ ಅರ್ಥವಾಗಲಿಲ್ಲ. ಆದರೂ ಹತ್ತರಲ್ಲೊಂದು ಪಾಲಿನ ಆಸೆ ಯಾರನ್ನು ಬಿಟ್ಟೀತು?

ಮೊದಲು ಬಂದವನು ನೆರೆಸೀಮೆಯ ಪಾಳೆಯಗಾರನ ಮಗ. ದೊರೆ ಕೇಳಿದ, "ಬದುಕಿದ್ದಾಗ ಅದಕ್ಕೆ ಒಂದು ಹಟ್ಟಿ ದನ ಬರುತ್ತಿತ್ತು. ಸತ್ತ ದಿನ ಹಿಡಿ ಪುರಿಯೂ ಹುಟ್ಟಲಿಲ್ಲ. ಸತ್ತು ಎಷ್ಟೋ ಕಾಲವಾದ ಮೇಲೆ ಈಗ ಕೊಳ್ಳುವವರು ಕಡಲು ದಾಟಿ ಬರುತ್ತಿದ್ದಾರೆ. ಏನದು?"

"ಆನೆ!"

"ಆನೆ ಸತ್ತ ದಿನವೂ ದಂತಕ್ಕೆ ಬೆಲೆಯಿರುತ್ತದಲ್ಲ! ಎಳೆದುಕೊಂಡು ಹೋಗಿ ಇವನನ್ನು."

ಎರಡನೆಯವನು ಚಿನ್ನ ಬೆಳ್ಳಿ ವ್ಯಾಪಾರದ ಚಿನಿವಾರರ ಅಂಗಡಿಯಲ್ಲಿ ಕೆಲಸಕ್ಕಿದ್ದ ಸಿಂಗ. ಯೋಚಿಸಿ ಯೋಚಿಸಿ "ಗಂಧದ ಮರ" ಎಂದ. ಕಡಿದ ದಿನವೇ ಗಂಧಕ್ಕೆ ಬೆಲೆ. ಅವನೂ ಸೆರೆಮನೆ ಸೇರಿದ.

ಸಿಂಗನ ಹೆಂಡತಿ ತಾಯವ್ವ ಅಳುತ್ತಾ ತವರಿಗೆ ಓಡಿಬಂದಳು. ಅಲ್ಲಿದ್ದದ್ದು ಅಜ್ಜಿ, ಮತ್ತೆ ಚಾಪೆ ಹೆಣೆದು ಬದುಕುತ್ತಿದ್ದ ತಮ್ಮ ಚೌಡ.

"ನಿಮ್ಮ ಭಾವನ್ನ ಬಿಡಿಸ್ಕೊಂಡು ಬಾರೋ ಚೌಡ."

"ನಂಗೆ ಒಗಟು ಗಿಗಟು ಏನೂ ಬರಲ್ಲ ಕಣಕ್ಕ."

"ಅಮಾವಾಸ್ಯೆ ಹತ್ರ ಬಂತಲ್ಲೋ!"

ಚೌಡ ಹೆಗಲಿಗೆ ವಲ್ಲಿ ಹಾಕಿಕೊಂಡು ಹೊರಟ. ದಾರಿಯುದ್ದಕ್ಕೂ ಅವನಿಗೆ ಅಲ್ಲಿ ಏನು ಹೇಳುವುದೆಂಬುದೇ ತಿಳಿಯಲಿಲ್ಲ.

ಆಸ್ಥಾನದಲ್ಲಿ ದೊರೆ ಮೊದಲ ಒಗಟು ಹೇಳಿದ. ಹಟ್ಟಿ ದನ ಎಂಬ ಮಾತು ಕಿವಿಗೆ ಬಿದ್ದದ್ದೇ ಚೌಡನಿಗೆ ಅಜ್ಜಿಯ ನೆನಪಾಯಿತು.

"ಪ್ರಭು, ತಪ್ಪಾದ್ರೆ ಮನ್ನಿಸಬೇಕು. ನಮ್ಮಜ್ಜಿ ಹಟ್ಟಿ ದನಾನೆಲ್ಲ ಮಾರಿ ಒಂದೇ ಒಂದು ದೊಡ್ಡ ನೋಟು ತಂದಿದ್ಲು. ಮಾರನೆ ದಿನ ಬೆಳಿಗ್ಗೆ ನಿಮ್ಮ ತಂದೆಯವರು ಡಂಗುರ ಸಾರಿಸಿದ್ರು, ದೊಡ್ಡ ನೋಟು ಇನ್ನು ನಡೆಯಲ್ಲ ಅಂತ. ಅಜ್ಜಿ ಅದನ್ನ ಒಲೆಗೆ ಹಾಕಿದ್ಲು. ಸತ್ತಿದ್ದು ಅದೇ ನೋಟಲ್ವಾ?"

ದೊರೆ ತಲೆಯಾಡಿಸಿದ. "ಹೌದು, ಅದೇ. ಎಲ್ಲರೂ ಹೀಗೆ ಸುಟ್ಟರು, ಹರಿದರು. ಅದಕ್ಕೇ ಉಳಿದ ನಾಲ್ಕಾರಕ್ಕೆ ಈಗ ಇಷ್ಟು ಬೇಡಿಕೆ. ನೋಟು ಕೂಡಿಡುವ ಗೀಳಿನವರು ಪರದೇಶದಿಂದ ಬಂದಿದ್ದಾರೆ. ಇನ್ನು ಎರಡನೆಯದು ಕೇಳು. ಅವಳಿ ಮಕ್ಕಳು. ಒಬ್ಬ ಊರೂರು ಅಲೆದು ದುಡಿದ. ಇನ್ನೊಬ್ಬ ಹೊಸಿಲು ದಾಟಲೇ ಇಲ್ಲ. ಪರದೇಶದವರು ತಲೆಯ ಮೇಲೆ ಹೊತ್ತು ಮೆರೆಸುವುದು ಯಾರನ್ನು?"

ದುಡಿದವನನ್ನು ಎನ್ನಲು ಚೌಡ ಬಾಯಿ ತೆರೆದ. ಹಾಗೇ ಮುಚ್ಚಿದ. ನ್ಯಾಯ ಅದೇ. ಆದರೆ ನಾಲ್ಕು ದಿನ ಹಾಸಿ ಮಲಗಿದ ಚಾಪೆಯನ್ನು ಸಂತೆಯಲ್ಲಿ ಯಾರು ಮುಟ್ಟಿ ನೋಡುತ್ತಾರೆ?

"ಮನೆಯಲ್ಲೇ ಕೂತವನನ್ನ, ಪ್ರಭು. ಯಾಕೋ ಸರಿಯಲ್ಲ ಅನ್ಸುತ್ತೆ, ಆದ್ರೂ ಅವನನ್ನೇ."

"ಸರಿ! ಊರೂರು ಅಲೆದು, ಮಡಿಸಿದ ಗೆರೆ ಬಿದ್ದು ಎಣ್ಣೆ ಮೆತ್ತಿದ ನೋಟನ್ನು ಅವರು ಪಕ್ಕಕ್ಕೆ ತಳ್ಳಿದರು. ಪೆಟ್ಟಿಗೆಯಲ್ಲೇ ಮಲಗಿದ್ದ ಗರಿಗರಿ ನೋಟನ್ನು ಹಸುಗೂಸಿನ ಹಾಗೆ ಎತ್ತಿಕೊಂಡರು."

ಮೂರನೆಯದನ್ನು ಕೇಳುವಾಗ ದೊರೆಯ ದನಿ ಇಳಿಯಿತು. "ಅದೇ ಗರಿಗರಿ ನೋಟು. ಒಬ್ಬ ವ್ಯಾಪಾರಿ ಒಂದು ಕುದುರೆಯ ಬೆಲೆ ಕೊಡುತ್ತೇನೆ ಎಂದ. ಇನ್ನೊಬ್ಬ ಲಾಯದ ಬೆಲೆ ಎಂದ. ಮತ್ತೊಬ್ಬ ಹಡಗಿನ ಬೆಲೆ ಎಂದ. ನಿಜವಾದ ಬೆಲೆ ಯಾವುದು?"

ಚೌಡ ನೆಲ ನೋಡಿದ, ಸೂರು ನೋಡಿದ. "ಗೊತ್ತಿಲ್ಲ, ಪ್ರಭು."

ಭಟರು ಅವನ ರಟ್ಟೆ ಹಿಡಿದರು. ಚೌಡ ಜೀವಭಯಕ್ಕೆ ಕೂಗಿಬಿಟ್ಟ, "ನಿಮಗಾದ್ರೂ ಗೊತ್ತಾ, ಬುದ್ಧಿ?"

ದೊರೆ ಕಿರೀಟ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಇಲ್ಲ ಕಣಪ್ಪ. ಗೊತ್ತಿದ್ದರೆ ಡಂಗುರ ಯಾಕೆ ಸಾರಿಸುತ್ತಿದ್ದೆ? ನಿದ್ದೆ ಬರುತ್ತಿಲ್ಲ ನನಗೆ. ಕೊಟ್ಟರೆ ಮೋಸ ಹೋದೆನೋ, ಇಟ್ಟುಕೊಂಡರೆ ದಡ್ಡನಾದೆನೋ!"

ಭಟರು ಕೈ ಸಡಿಲಿಸಿದರು. ಚೌಡ ಉಸಿರೆಳೆದುಕೊಂಡು ಕೇಳಿದ, "ಆ ಮೂವರನ್ನೂ ಒಟ್ಟಿಗೆ ಕೂರಿಸಿ ಕೇಳಿದ್ರಾ?"

"ಇಲ್ಲ. ಒಬ್ಬೊಬ್ಬರೇ ಬಂದು ಕಿವಿಯಲ್ಲಿ ಹೇಳಿ ಹೋದರು."

"ಹಂಗಾದ್ರೆ ಕರೆಸಿ."

ಮೂವರೂ ಬಂದರು. ಚೌಡ ಗರಿಗರಿ ನೋಟನ್ನು ನಡುವೆ ಇಡಿಸಿ, "ಯಾರಿಗೆ ಬೇಕೋ ಅವರು ಕೂಗಿ" ಎಂದ. ಕುದುರೆ ಎಂದಿದ್ದವನು ಹಡಗಿನವನ ಮುಖ ನೋಡಿದ್ದೇ ಲಾಯ ಎಂದ. ಲಾಯದವನು ಹಡಗು ಎಂದ. ಹಡಗಿನವನು ಎರಡು ಹಡಗು ಎಂದು ಮೀಸೆ ತಿರುವಿದ. ಕುದುರೆಯವನು ಬೆವರು ಒರೆಸಿಕೊಂಡು ಮೂರು ಹಡಗು ಎಂದ. ಆಮೇಲೆ ಯಾರೂ ಕೂಗಲಿಲ್ಲ.

"ಇದೇ ಉತ್ತರ, ಪ್ರಭು," ಎಂದ ಚೌಡ. "ಕಿವಿಯಲ್ಲಿ ಹೇಳಿದ್ದೊಂದೂ ಬೆಲೆಯಲ್ಲ. ಬೇಕು ಅನ್ನೋರೆಲ್ಲ ಎದುರುಬದುರು ಕೂತು ಕೂಗಿ, ಕೊನೆಗೆ ಒಬ್ಬನೇ ಉಳಿದಾಗ ಎಲ್ಲಿ ನಿಂತಿತೋ, ಇವತ್ತಿಗೆ ಅದೇ ಬೆಲೆ. ನಾಳೆದು ನಂಗೂ ಗೊತ್ತಿಲ್ಲ."

ದೊರೆ ಎದೆ ಹಗುರಾಗುವಂತೆ ನಕ್ಕ. ಸೆರೆಯಲ್ಲಿದ್ದವರನ್ನೆಲ್ಲ ಬಿಡಿಸಿದ. ಚೌಡನಿಗೆ ಅವನ ಪಾಲು ಕೊಟ್ಟು, ಸಿಂಗನ ಜೊತೆ ಬಂಡಿಯಲ್ಲಿ ಕೂರಿಸಿ ಕಳಿಸಿದ.

ಮನೆಯಲ್ಲಿ ತಾಯವ್ವ ಗಂಡನ ಕೈ ಹಿಡಿದು ಅತ್ತಳು. ಅಜ್ಜಿ ಬಂಡಿಯಿಂದ ಇಳಿಸಿದ ಹೊನ್ನಿನ ಚೀಲಗಳನ್ನು ಬೆರಗಾಗಿ ನೋಡಿದಳು.

"ಇಷ್ಟೆಲ್ಲ ಯಾತಕ್ಕೆ ಕೊಟ್ರೋ?"

"ನೀನು ಸುಟ್ಟೆಯಲ್ಲಜ್ಜಿ, ಅಂಥದ್ದೇ ಒಂದು ನೋಟಿಗೆ. ಕಡಲಾಚೆಯವನೊಬ್ಬ ಕೊಂಡ."

ಅಜ್ಜಿ ಚೌಡನ ತೋಳು ಹಿಡಿದು, ಯಾರಿಗೂ ಕೇಳದಂತೆ ಪಿಸುಗುಟ್ಟಿದಳು.

"ಅಯ್ಯೋ ಪಾಪ, ಓಡಿಹೋಗಿ ಹೇಳೋ ಮಗಾ ಅವನಿಗೆ. ಆ ನೋಟು ನಡೆಯಲ್ಲ."