ಸ್ವರ ಕೆಡಿಸುವ ಆಟ

ಶಿಷ್ಯ ವೀರಭದ್ರ ಕೇಳಿದ: "ಗುರುಗಳೇ, ಆಟ ಆಡಿಸಿ ಕೊಟ್ಟ ಅಂಕವನ್ನು ಪರೀಕ್ಷೆಯ ಅಂಕ ಎನ್ನಬಹುದೇ?"

ವೀರಭದ್ರ ಒಂದು ಶಾಲೆಯಲ್ಲಿ ವಿದ್ಯುತ್ ಕೆಲಸ ಕಲಿಸುತ್ತಿದ್ದ. ಅದೇ ಶಾಲೆಯಲ್ಲಿ ಹೊಲಿಗೆ ಕಲಿಸುವ ನೀಲಾಂಬಿಕೆ ಆ ವರ್ಷ ಪರೀಕ್ಷೆಯನ್ನು ಆಟವಾಗಿ ನಡೆಸಿದ್ದಳು. ಒಂದು ಗುಂಪಿನ ಮಕ್ಕಳು ಹೊಲಿಗೆ ಯಂತ್ರದಲ್ಲಿ ಒಂದು ದೋಷ ಮಾಡಿಡಬೇಕು. ಇನ್ನೊಂದು ಗುಂಪು ಅದನ್ನು ಹುಡುಕಿ ಸರಿಮಾಡಬೇಕು. ಅಂಕ ಅದಕ್ಕೇ. ಈಗ ವೀರಭದ್ರನ ತರಗತಿಯ ಮಕ್ಕಳೂ ಬಿಡುವಿನಲ್ಲಿ ಅವಳ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವನು ಮುಖ್ಯೋಪಾಧ್ಯಾಯರ ಬಳಿ ಆಕ್ಷೇಪ ಎತ್ತಿದ್ದ. ನಿಮ್ಮ ಗುರುಗಳು ಕಸುಬು ಕಲಿಸುವುದರಲ್ಲಿ ಹಿರಿಯರು, ಅವರು ಬೇಡ ಎಂದರೆ ಆಟ ನಿಲ್ಲಿಸಿ ಮಕ್ಕಳಿಂದ ಮತ್ತೆ ಪರೀಕ್ಷೆ ಬರೆಸೋಣ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರು.

ಆಟ ಆಡಿದ ಆ ಮಕ್ಕಳಿಗೆ ಕೆಲಸ ಬಂದಿದೆಯೇ ಎಂದು ಗುರುಗಳು ವಿಚಾರಿಸಿದರು. ಬಂದಿದೆ ಎಂದು ವೀರಭದ್ರ ಒಪ್ಪಿಕೊಂಡ. ಗುರುಗಳು ಈ ಕತೆ ಹೇಳಿದರು.

ಒಂದು ಊರಲ್ಲಿ ಹಾರ್ಮೋನಿಯಂ ಮಾಡುವವನೊಬ್ಬನಿದ್ದ. ಹಾರ್ಮೋನಿಯಂ ಒಳಗೆ ಸ್ವರಕ್ಕೊಂದರಂತೆ ಹಿತ್ತಾಳೆಯ ತೆಳು ನಾಲಿಗೆಗಳಿರುತ್ತವೆ. ಗಾಳಿ ಹಾಯ್ದಾಗ ಅವು ಮಿಡಿದು ಸ್ವರ ಹೊರಡುತ್ತದೆ. ನಾಲಿಗೆಯ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಹೀಗೆ ಕೆರೆದು ಸ್ವರ ಕೂಡಿಸುವವನು ಕೂರುವ ಮಣೆಗೆ ಆ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮರ್ಯಾದೆ.

ಅವನಿಗೆ ವಯಸ್ಸಾಯಿತು. ಮೇಲಿನ ಸ್ವರಗಳು ಕಿವಿಗೆ ಕೇಳಿಸದಾದವು. ಮಣೆಯನ್ನು ಇಬ್ಬರು ಶಿಷ್ಯರಲ್ಲಿ ಒಬ್ಬನಿಗೆ ಬಿಟ್ಟುಕೊಡಬೇಕಾಯಿತು.

ಹಿರಿಯ ಶಿಷ್ಯ ಚಿಕ್ಕಂದಿನಿಂದ ಅಲ್ಲೇ ಬೆಳೆದವನು. ಕಿರಿಯ ಮೊನ್ನೆ ಮೊನ್ನೆ ಬಂದವನು. ಆದರೂ ಗಿರಾಕಿಗಳು ಬಾಗಿಲಲ್ಲೇ ಕಿರಿಯನನ್ನು ಕೇಳುತ್ತಿದ್ದರು. ಹಿರಿಯನ ಪಾಲಿಗೆ ಗಾಳಿ ಊದುವ ತಿದಿಗೆ ಅಂಟು ಹಚ್ಚುವ ಕೆಲಸ ಬರುತ್ತಿತ್ತು. ಇಲ್ಲಿ ಬಾ, ಇದನ್ನು ಸ್ವಲ್ಪ ಕೇಳು ಎಂದು ಯಜಮಾನ ಒಳಗಿನಿಂದ ಕೂಗಿದಾಗಲೆಲ್ಲ ಹಿರಿಯನೇ ಮೊದಲು ಏಳುತ್ತಿದ್ದ. ಕರೆದದ್ದು ತನ್ನನ್ನಲ್ಲ ಎಂದು ತಿಳಿದು ಮತ್ತೆ ಕೂರುತ್ತಿದ್ದ. ಯಜಮಾನ ಕಿರಿಯನನ್ನು ಯಾವ ಯಾವ ಮಾತಿನಲ್ಲಿ ಹೊಗಳಿದ್ದ ಎಂಬುದು ಅವನಿಗೆ ಬಾಯಿಪಾಠವಾಗಿತ್ತು.

ಯಜಮಾನ ಒಂದು ಆಟ ಹೂಡಿದ. ತನ್ನ ಮನೆಯ ಹಳೆಯ ಹಾರ್ಮೋನಿಯಂ ತಂದಿಟ್ಟ. ತೀರಿಕೊಂಡ ಹೆಂಡತಿ ಅದನ್ನು ಮುಂದಿಟ್ಟುಕೊಂಡು ಹಾಡುತ್ತಿದ್ದಳು. ಅದರ ನಾಲಿಗೆಗಳೆಲ್ಲ ಒಬ್ಬನೇ ಕುಶಲಕರ್ಮಿ ಕೈಯಾರೆ ಮಾಡಿದವು. ಅಂಥವು ಈಗ ಸಿಗುವುದಿಲ್ಲ. ಒಬ್ಬ ಅದರಲ್ಲಿ ಒಂದು ಸ್ವರ ಕೆಡಿಸಿಡಬೇಕು, ಇನ್ನೊಬ್ಬ ಅದನ್ನು ಕಂಡುಹಿಡಿದು ಸರಿಮಾಡಬೇಕು. ಅವನಿಗೆ ಸಿಗದಿದ್ದರೆ ಕೆಡಿಸಿದವನೇ ತೋರಿಸಿ ಸರಿಮಾಡಬೇಕು. ಅಷ್ಟೇ ನಿಯಮ.

ಮೊದಲು ಕಿರಿಯ ಒಬ್ಬನೇ ಒಳಗೆ ಹೋಗಿ ಕೆಡಿಸಿ ಬಂದ. ಹಿರಿಯ ಕೂತು ನುಡಿಸಿದ. ಒಂದು ಸ್ವರ ಕೂದಲೆಳೆಯಷ್ಟು ಇಳಿದಿತ್ತು. ಮುಚ್ಚಳ ತೆಗೆದು ನೋಡಿದರೆ ನಾಲಿಗೆಯ ತುದಿಯಲ್ಲಿ ಸಾಸಿವೆಯಷ್ಟು ಮೇಣ. ಅದನ್ನು ಉಗುರಿನಿಂದ ತೆಗೆದು ಹಾಕಿದ.

"ಇಷ್ಟೇನೋ ನಿನ್ನ ಬುದ್ಧಿ? ಉಗುರು ತಾಗಿದರೆ ಹೋಗುವಂಥದ್ದು," ಎಂದು ನಕ್ಕ.

"ಮತ್ತೆ ತೆಗೆಯಬೇಕಲ್ಲ, ಅಣ್ಣ," ಎಂದ ಕಿರಿಯ.

ಆಮೇಲೆ ಹಿರಿಯನ ಸರದಿ. ಅವನು ಒಳಗೆ ಬಹಳ ಹೊತ್ತು ಇದ್ದ. ಮೇಲಿನ ಒಂದು ಸ್ವರದ ನಾಲಿಗೆಯನ್ನು ಬುಡದಲ್ಲಿ ಕೆರೆದ. ಸ್ವರ ಇಳಿಯಿತು. ಇದು ಕಿರಿಯನಿಗೆ ಸಿಕ್ಕಿಬಿಡುತ್ತದೆ ಅನ್ನಿಸಿತು. ತುದಿಯನ್ನು ಕೆರೆದು ಮತ್ತೆ ಏರಿಸಿದ. ಮತ್ತೆ ಬುಡ, ಮತ್ತೆ ತುದಿ. ಕೊನೆಗೆ ನಾಲಿಗೆ ಈರುಳ್ಳಿಯ ಸಿಪ್ಪೆಯಂತಾಯಿತು. ತಿದಿಯನ್ನು ಮೆಲ್ಲಗೆ ಒತ್ತಿದರೆ ಸ್ವರ ಸರಿಯಾಗಿಯೇ ಇತ್ತು. ಜೋರಾಗಿ ಒತ್ತಿದರೆ ಮಾತ್ರ ಜೋಲುತ್ತಿತ್ತು. ಕಿರಿಯ ಯಾವಾಗಲೂ ಮೆಲ್ಲಗೆ ಒತ್ತಿ ಕೇಳುವವನು ಎಂಬುದು ಹಿರಿಯನಿಗೆ ಗೊತ್ತಿತ್ತು.

ಕಿರಿಯ ಒಂದೊಂದೇ ಸ್ವರ ನುಡಿಸಿ ನೋಡಿದ. ಸಿಗಲಿಲ್ಲ ಎಂದು ಒಪ್ಪಿಕೊಂಡ. ಆಗ ಹಿರಿಯ ತಿದಿಯನ್ನು ಜೋರಾಗಿ ಒತ್ತಿ ಆ ಸ್ವರ ನುಡಿಸಿ ತೋರಿಸಿದ. ಕಿರಿಯನ ಮುಖ ಬಾಡಿತು. ಕಿರಿಯ ಅಂಗಡಿಗೆ ಬಂದಂದಿನಿಂದ ಹಿರಿಯನಿಗೆ ಅಂಥ ಸುಖ ಆಗಿರಲಿಲ್ಲ.

ಈಗ ಸರಿಮಾಡು ಎಂದು ಯಜಮಾನ ಹೇಳಿದ.

ಹಿರಿಯ ಅರ ಕೈಗೆತ್ತಿಕೊಂಡ. ಕೆರೆಯಲು ಏನೂ ಉಳಿದಿರಲಿಲ್ಲ. ಆದರೂ ತುದಿಯನ್ನು ಮುಟ್ಟಿದ. ನಾಲಿಗೆ ಬುಡದಲ್ಲಿ ತುಂಡಾಯಿತು. ಆ ಸಣ್ಣ ಸದ್ದು ಯಜಮಾನನಿಗೆ ಕೇಳಿಸಲಿಲ್ಲ. ಅವನು ಹಾರ್ಮೋನಿಯಂ ತನ್ನ ಕಡೆಗೆ ಎಳೆದುಕೊಂಡು, ತಿದಿ ಒತ್ತಿ, ಆ ಸ್ವರದ ಮೇಲೆ ಬೆರಳಿಟ್ಟು ತಲೆ ಬಾಗಿಸಿ ಕೂತ. ನನಗೆ ಮೊದಲೂ ಕೇಳಿಸುತ್ತಿರಲಿಲ್ಲ, ಈಗಲೂ ಇಲ್ಲ, ಸರಿಯಾಯಿತೇ ನೀನೇ ಹೇಳು ಎಂದ. ಕಿರಿಯ ನೆಲ ನೋಡುತ್ತಿದ್ದ.

ಸರಿಯಾಯಿತು ಎನ್ನಲು ಹಿರಿಯ ಬಾಯಿ ತೆರೆದ. ಮುದುಕನ ಬೆರಳು ಇನ್ನೂ ಅಲ್ಲೇ ಇತ್ತು.

"ಹೋಯಿತು," ಎಂದ.

ಯಜಮಾನ ಬೆರಳು ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಮಣೆಯನ್ನು ಕಿರಿಯನ ಕಡೆಗೆ ಸರಿಸಿದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ದೋಷ ಸಿಗದೆ ಸೋತವನು ಕಿರಿಯ, ಮಣೆ ಅವನಿಗೆ ಹೋದದ್ದು ಯಾವ ನ್ಯಾಯ ಎಂದು ವೀರಭದ್ರ ಕೇಳಿದ.

ಗುರುಗಳು ಹೇಳಿದರು: "ಕೆಡಿಸಿದವನಿಗೆ ಸರಿಮಾಡಲೂ ಬರಬೇಕು. ನಾಳೆ ನೀನು ಬಯಸಿದಂತೆ ನಾನು ಆಟ ಬೇಡ ಎಂದೇ ಹೇಳುತ್ತೇನೆ, ಆಮೇಲೆ ಆಟ ಕಳೆದುಕೊಂಡ ಆ ಮಕ್ಕಳನ್ನು ಮೊದಲಿನಂತೆ ಮಾಡಿಕೊಡಬೇಕಾದವನು ನೀನು."