ನಾಲ್ಕು ಮೂಲೆಯ ಹರಿಗೋಲು

ಹೊಳೆಯ ಮೇಲಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಈ ಸೀಮೆಯಲ್ಲಿ ನನ್ನಷ್ಟು ನಿಜ ಹೇಳುವವನು ಇನ್ನೊಬ್ಬನಿದ್ದರೆ ಕರೆತನ್ನಿ, ಅವನೂ ನನ್ನ ಹತ್ತಿರವೇ ಕಲಿತಿರುತ್ತಾನೆ.

ತುಂಗಭದ್ರೆಯ ದಡದಲ್ಲಿ ಹಂಪಯ್ಯ ಗುರುಗಳ ಆಶ್ರಮ. ಅಲ್ಲಿ ಧ್ಯಾನವನ್ನೂ ಹೇಳಿಕೊಡುತ್ತಿದ್ದರು, ಹರಿಗೋಲು ಹೆಣೆಯುವುದನ್ನೂ ಹೇಳಿಕೊಡುತ್ತಿದ್ದರು. ಯಾವಾಗ ಯಾವುದು ನಡೆದಿದೆ ಅಂತ ಶಿಷ್ಯರಿಗೆ ಗೊತ್ತಾಗುತ್ತಿರಲಿಲ್ಲ.

ಶಿಷ್ಯ ದುರುಗಪ್ಪನ ಕೈ ಎಂಥದ್ದೆಂದರೆ, ಅವನು ಹೆಣೆದ ಹರಿಗೋಲಿನಲ್ಲಿ ಕೂತವರು ಆಚೆ ದಡ ಬಂದರೂ ಇಳಿಯಲು ಮನಸ್ಸಾಗದೆ ಹಾಗೇ ವಾಪಸ್ ಬರುತ್ತಿದ್ದರು. ಆದರೂ ಇತ್ತೀಚೆಗೆ ಕೆಲಸವಿಲ್ಲ. "ಈ ಸಲ ದೊಡ್ಡ ಕೆಲಸ ಸಿಗಲಿಲ್ಲ ಅಂದರೆ ಹರಿಗೋಲು ಬಿಟ್ಟು ನನ್ನ ಕೋಳಿ ಫಾರಂಗೆ ಬಂದುಬಿಡಿ ಅಳಿಯಂದಿರೇ" ಅಂತ ಮಾವ ಖಡಾಖಂಡಿತ ಹೇಳಿದ್ದ.

ದುರುಗಪ್ಪನಿಗೆ ಕೋಳಿ ಕಂಡರೆ ಆಗುತ್ತಿರಲಿಲ್ಲ. ಕೋಳಿಗಳಿಗೂ ಅವನನ್ನು ಕಂಡರೆ ಆಗುತ್ತಿರಲಿಲ್ಲ.

ಒಂದು ಸಂಜೆ ಅವನು ಪೇಟೆಯಿಂದ ಮುಖ ಅರಳಿಸಿಕೊಂಡು ಬಂದ.

"ದೋಣಿ ಇಲಾಖೆಯವರು ಹರಿಗೋಲು ಮಾಡೋರನ್ನೆಲ್ಲ ಕರೆಸಿದ್ದರು ಗುರುಗಳೇ. ಮುಂದಿನ ವರ್ಷ ಹೊಳೆ ದಾಟೋ ಎಲ್ಲಾ ಕಡವಿಗೂ ಹೊಸ ಹರಿಗೋಲು ಕೊಳ್ಳುತ್ತಾರಂತೆ. ಟೆಂಡರ್ ಇನ್ನೂ ಕರೆದಿಲ್ಲ. ಎಂಥದ್ದು ಬೇಕು ಅಂತ ಮೊದಲೇ ತಿಳಿಸಿದರು."

"ಎಂಥದ್ದು ಬೇಕಂತೆ?"

"ನಾಲ್ಕು ಮೂಲೆಯದ್ದು. ಗೋದಾಮಿನ ಗೋಡೆಗೆ ನೀಟಾಗಿ ಒತ್ತಿ ಇಡಬಹುದಂತೆ."

ಗುರುಗಳು ಕೈಯಲ್ಲಿದ್ದ ಕೆಲಸ ನಿಲ್ಲಿಸಿದರು.

"ನೀರಿನಲ್ಲಿ?"

"ಮೊದಲ ಸುಳಿಯ ತನಕ ಚೆನ್ನಾಗಿ ಹೋಗುತ್ತೆ."

"ಆಮೇಲೆ?"

"ಆಮೇಲೆ ಜನ ಈಜಬೇಕು."

"ಅಲ್ಲೇ ಹೇಳಲಿಲ್ಲವೇನೋ?"

"ಕೇಳೋದಿದ್ದರೆ ಕೇಳಿ, ನಾಳೆ ಸಂಜೆಯವರೆಗೂ ಸಮಯ ಇದೆ ಅಂತ ಇಲಾಖೆಯ ಮೇಡಂ ಅಂದರು. ಆದರೆ ಒಬ್ಬರು ಕೇಳಿದ್ದಕ್ಕೆ ಉತ್ತರ ಎಲ್ಲರಿಗೂ ಹೋಗುತ್ತಂತೆ! ತಲೆ ಓಡಿಸೋದು ನಾನು, ಕೂತಲ್ಲೇ ಲಾಭ ಹೊಡೆಯೋದು ಆಚೆ ದಡದ ಹುಲುಗಪ್ಪನಾ? ಬಾಯಿಗೆ ಬೀಗ ಹಾಕಿ ಕೂತೆ."

"ಹುಲುಗಪ್ಪ ಏನು ಮಾಡಿದ?"

"ಅವನದ್ದೂ ಬೀಗ. ಎಲ್ಲರದ್ದೂ ಬೀಗ. ಮೇಡಂ ಟೀ ತರಿಸಿದಾಗ ತೆಗೆದು, ಕುಡಿದು, ಮತ್ತೆ ಹಾಕಿಕೊಂಡೆವು."

"ಮುಂದೆ?"

"ಟೆಂಡರ್ ಬರಲಿ, ಆಮೇಲೆ ನಾನೊಬ್ಬನೇ ಹೋಗಿ ಗುಟ್ಟಾಗಿ ಹೇಳ್ತೀನಿ. ಖುಷಿಯಾಗಿ ದುಂಡನೇದನ್ನ ನನ್ನ ಕೈಲೇ ಮಾಡಿಸುತ್ತಾರೆ."

ಗುರುಗಳು ಭಜನೆ ಮುಗಿದ ಮೇಲೆ ಶಿಷ್ಯರಿಗೆಲ್ಲ ಕೇಳುವಂತೆ ಅಂದರು: "ನಾಳೆ ಮಧ್ಯಾಹ್ನ ಹಾಗಲಕಾಯಿ ಪಾಯಸ. ಯಾರಾದರೂ ಏನಾದರೂ ಹೇಳೋದಿದ್ದರೆ ಈಗಲೇ ಹೇಳಿಬಿಡಿ."

ಇದರಲ್ಲೇನೋ ಒಳಾರ್ಥವಿದೆ ಅಂದುಕೊಂಡು ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ದುರುಗಪ್ಪನೂ ಆಡಿಸಿದ. ಒಳಾರ್ಥ ಇಲ್ಲದಿದ್ದರೆ ಆಗ ನೋಡಿಕೊಂಡರಾಯಿತು, ಗುರುಗಳು ನನ್ನ ಮಾತು ತೆಗೆದುಹಾಕುತ್ತಾರಾ ಅಂತ ಅವನ ಧೈರ್ಯ.

ಮರುದಿನ ಎಲೆ ಹಾಕಿದರು. ಪಾಯಸ ಬಂತು. ಅದರಲ್ಲಿ ಒಳಾರ್ಥ ಇರಲಿಲ್ಲ, ಬರೀ ಹಾಗಲಕಾಯಿ ಇತ್ತು.

ದುರುಗಪ್ಪ ಪಿಸುಗುಟ್ಟಿದ: "ಗುರುಗಳೇ, ನನಗೊಬ್ಬನಿಗೆ ಒಂಚೂರು ಮಜ್ಜಿಗೆ ಅನ್ನ..."

ಗುರುಗಳು ಸೌಟು ಎತ್ತಿ ಹಿಡಿದು ಗಟ್ಟಿಯಾಗಿ ಅಂದರು: "ಬಡಿಸೋಕೆ ಶುರು ಮಾಡಿದ ಮೇಲೆ ಪಂಕ್ತಿಭೇದ ಮಾಡೋ ಹಾಗಿಲ್ಲಪ್ಪ. ನಿನ್ನೆ ಕೇಳಿದಾಗ ಬಾಯಿ ಎಲ್ಲಿ ಇಟ್ಟಿದ್ದೆ?"

ಹಾಗಂದು ಅವನ ಎಲೆಗೆ ಇನ್ನೊಂದು ಸೌಟು ಸುರಿದರು.

ದುರುಗಪ್ಪ ಕಣ್ಣು ಮುಚ್ಚಿ ಅದನ್ನು ನುಂಗಿದ. ಕಣ್ಣು ಬಿಟ್ಟಾಗ ಎಲೆಯ ಮೇಲೆ ಅವನಿಗೆ ಟೆಂಡರ್ ಕಂಡಿತು. ಎಲೆ ಎತ್ತಿದವನೇ ಓಡಿದ.

ಹೇಗೆ ಓಡಿದ ಅಂತೀರಿ! ಅವನ ನೆರಳು ಅರ್ಧ ದಾರಿಯಲ್ಲಿ ಸುಸ್ತಾಗಿ ಮರದ ಕೆಳಗೆ ಕೂತುಬಿಟ್ಟಿತು. ದಡದಲ್ಲಿ ಅಡ್ಡ ಮಲಗಿದ್ದ ಮೊಸಳೆ ಎದ್ದು, ಬಾಲ ಮಡಚಿಕೊಂಡು ದಾರಿ ಬಿಟ್ಟಿತು.

ಇಲಾಖೆಯ ಕಚೇರಿಯಲ್ಲಿ ಆಗಲೇ ಕಿಟಕಿ ಮುಚ್ಚುತ್ತಿದ್ದರು.

"ಮೇಡಂ, ನಾಲ್ಕು ಮೂಲೆ ಬೇಡ! ಮೂಲೆಗೆ ಸುಳಿ ಒದ್ದರೆ ಹರಿಗೋಲು ಮಗುಚುತ್ತೆ. ದುಂಡಗಿದ್ದರೆ ನಾಲ್ಕು ಸುತ್ತು ತಿರುಗಿಸಿ ಬಿಟ್ಟುಬಿಡುತ್ತೆ."

ಮೇಡಂ ಅವನನ್ನೇ ನೋಡಿದರು. "ಅಷ್ಟು ಜನ ಕೂತು ಟೀ ಕುಡಿದಿರಲ್ರೀ, ಒಬ್ಬರಾದರೂ ಹೇಳಬಾರದಿತ್ತೇ? ಬಯಲುಸೀಮೆಯ ಬಾವಿ ನೀರು ಕುಡಿದು ಬೆಳೆದವಳು ನಾನು, ನನಗೇನು ಗೊತ್ತು ಸುಳಿ? ಇಷ್ಟು ಮೊದಲೇ ನಿಮ್ಮನ್ನ ಕರೆಸಿದ್ದೇ ಅದಕ್ಕೆ."

ಅಲ್ಲೇ ನಾಲ್ಕು ಮೂಲೆ ಹೊಡೆದುಹಾಕಿ ದುಂಡಗೆ ಅಂತ ಬರೆದರು. ಬರೆದದ್ದನ್ನು ಅವನ ಕಣ್ಣೆದುರೇ ಎಲ್ಲರ ಮೊಬೈಲಿಗೂ ಕಳಿಸಿದರು. ಮೊದಲ ಹೆಸರೇ ಹುಲುಗಪ್ಪನದು.

ಮುಂದೆ ಟೆಂಡರ್ ಕರೆದರು. ಎಲ್ಲರೂ ತಂದ ಮಾದರಿಗಳನ್ನು ಸುಳಿಗೆ ಬಿಟ್ಟು ನೋಡಿದರು. ಕೆಲಸ ದುರುಗಪ್ಪನಿಗೇ ಸಿಕ್ಕಿತು, ಮಾವ ಬೇರೆ ಆಳು ನೋಡಿಕೊಂಡ, ಕೋಳಿಗಳು ನೆಮ್ಮದಿಯಾಗಿ ಮೊಟ್ಟೆ ಇಟ್ಟವು. ಎಲ್ಲವೂ ನಿಜ. ಆ ಮೊಸಳೆಯದೊಂದು ಮಾತ್ರ ನಾನು ಸೇರಿಸಿದ್ದು ಅಂತ ಒಪ್ಪಿಕೊಳ್ಳುತ್ತೇನೆ. ಅವತ್ತು ಅದು ಆಚೆ ದಡದಲ್ಲಿತ್ತು.

ಆದರೆ ಕಚೇರಿಯಿಂದ ಬಂದ ಆ ಸಂಜೆ ಇದೊಂದೂ ದುರುಗಪ್ಪನಿಗೆ ಗೊತ್ತಿರಲಿಲ್ಲ. ಗುರುಗಳ ಮುಂದೆ ಕುಸಿದು ಕೂತ.

"ಹೇಳಿ ಬಂದೆ ಗುರುಗಳೇ. ಎಲ್ಲರಿಗೂ ಗೊತ್ತಾಗಿಹೋಯಿತು. ನನಗೆ ಗೊತ್ತಿರೋದೆಲ್ಲ ಈಗ ಆ ಹುಲುಗಪ್ಪನಿಗೂ ಗೊತ್ತು. ನನ್ನ ಹತ್ತಿರ ಇನ್ನೇನು ಉಳೀತು?"

ಗುರುಗಳು ಬಿದಿರು ದಬ್ಬೆಯ ಕಟ್ಟನ್ನು ಅವನ ಮುಂದಕ್ಕೆ ಸರಿಸಿದರು.

"ಹೆಣೆಯೋದು."